ಹದಿನಾಲ್ಕು ಜೋಡಿ ಮುಳ್ಳುಪಟ್ಟಿ

ಆಗಸ್ಟ್ ಕೊನೆಯ ಸೋಮವಾರ ಬೆಳಿಗ್ಗೆ ಮೇಷ್ಟ್ರು ಎರಡು ಗೋಣಿಚೀಲ ತಂದು ನನ್ನ ಮೇಜಿನ ಮುಂದೆ ಸುರಿದರು. ಹದಿನಾಲ್ಕು ಜೋಡಿ. ಕಪ್ಪು ರಬ್ಬರಿನ ಪಟ್ಟಿಗಳು, ಅವುಗಳ ತಳದಲ್ಲಿ ಗಟ್ಟಿ ತಟ್ಟೆ, ತಟ್ಟೆಗೆ ತಿರುಪಿ ಕೂರಿಸಿದ ಕಬ್ಬಿಣದ ಮುಳ್ಳುಗಳು. ಶೂ ಮೇಲೆಯೇ ಎಳೆದು ಹಾಕಿಕೊಳ್ಳುವಂಥವು. ಅವರು ಇವನ್ನು ಕ್ಲೀಟ್ಸ್ ಎನ್ನುತ್ತಿದ್ದರು. ನಮ್ಮಲ್ಲಿ ಮೊದಲ ದಿನವೇ ಮುಳ್ಳುಪಟ್ಟಿ ಎಂಬ ಹೆಸರು ಬಿತ್ತು.

ಸುಂಕದಕಟ್ಟೆಯ ಒಂದು ವಾಟರ್ ಸರ್ವಿಸ್ ಅಂಗಳದ ಹಿಂಭಾಗದಲ್ಲಿ ನನ್ನ ಮೇಜು ಇತ್ತು. ಮುಂದುಗಡೆ ಮಾಲೀಕರು ಬೈಕ್ ತೊಳೆಸುತ್ತಿದ್ದರು. ಹಿಂದುಗಡೆ ನಾನು ಚಾರಣಿಗರ ಬ್ಯಾಗು, ಟೆಂಟು, ಶೂಗಳನ್ನು ರಿಪೇರಿ ಮಾಡುತ್ತಿದ್ದೆ. ಅದಕ್ಕೂ ಮೊದಲು ಗಾರ್ಮೆಂಟ್ಸ್‌ನಲ್ಲಿ ತಪಾಸಣೆಯ ಕೆಲಸದಲ್ಲಿದ್ದೆ. ಬಂದ ವಸ್ತು, ದಿನಾಂಕ, ದೋಷ, ಮಾಡಿದ ಕೆಲಸ ಎಲ್ಲವನ್ನೂ ಪಟ್ಟಿ ಮಾಡಿ ಬರೆಯುವ ಅಭ್ಯಾಸ ಅಲ್ಲಿಂದ ಬಂದದ್ದು.

ಮೇಷ್ಟ್ರು ಬಸವೇಶ್ವರನಗರದವರು, ನಿವೃತ್ತ ದೈಹಿಕ ಶಿಕ್ಷಕರು. ಅವರದೊಂದು ತಂಡ. ಮಳೆಗಾಲ ಮುಗಿದ ಮೇಲೆ ಹದಿನೈದು ದಿನಕ್ಕೊಮ್ಮೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಕರಾವಳಿಗೆ ಹೋಗಿ, ಅಲೆ ಬಡಿಯುವ ಬಂಡೆಗಳ ಮೇಲೆ ನಿಂತು ಗಾಳ ಹಾಕುತ್ತಿದ್ದರು.

"ಬೀಳೋದು ಅಲೆಯಿಂದ ಅಲ್ಲಮ್ಮ, ಪಾಚಿಯಿಂದ," ಎಂದು ಅವರು ಒಂದು ಜೋಡಿಯನ್ನು ಕೈಗೆತ್ತಿಕೊಂಡು ತೋರಿಸಿದರು. "ಮಳೆ ನಿಂತ ಹೊಸದ್ರಲ್ಲಿ ಬಂಡೆ ಅನ್ನೋದು ಸೋಪು ಹಚ್ಚಿದಂಗಿರುತ್ತೆ. ಈ ಮುಳ್ಳು ಕಚ್ಕೊಳ್ಳುತ್ತೆ ಅನ್ನೋ ನಂಬಿಕೆ ಮೇಲೆ ನಾವು ತುದೀವರೆಗೂ ಹೋಗ್ತೀವಿ. ಪಟ್ಟಿ ಲೂಸಾಗಿ ತಟ್ಟೆ ಪಕ್ಕಕ್ಕೆ ತಿರುಗ್ತೋ, ಮುಗೀತು. ಪಟ್ಟೀನೇ ಇಲ್ಲದೆ ಹೋಗಿದ್ರೆ ತುದೀಗೆ ಹೋಗ್ತಾನೇ ಇರ್ಲಿಲ್ಲವಲ್ಲ."

ಮುಂದೆ ನಡೆದುದಕ್ಕೆಲ್ಲ ಈ ಮಾತೇ ನನ್ನ ಆಧಾರವಾಯಿತು. ಸಡಿಲವಾದ ಪಟ್ಟಿ, ಪಟ್ಟಿಯೇ ಇಲ್ಲದಿರುವುದಕ್ಕಿಂತ ಅಪಾಯ.

ಮಾಲೀಕರು ಒಂದನ್ನು ತಿರುಗಿಸಿ ನೋಡಿದರು. "ಏನ್ ಮೇಷ್ಟ್ರೇ, ಇದನ್ನ ಹಾಕ್ಕೊಂಡು ಮೀನು ಹಿಡೀತೀರೋ ಇಲ್ಲಾ ಮೀನನ್ನ ತುಳೀತೀರೋ?"

"ಸಿಕ್ಕಿದ್ರೆ ಹಿಡೀತೀವಿ, ಸಿಗದಿದ್ರೆ ಬಂಡೆ ತುಳ್ಕೊಂಡು ವಾಪಸ್ ಬರ್ತೀವಿ."

ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆಯ ಚೀಟಿ ಕಟ್ಟಿದೆ. ಮೇಷ್ಟ್ರದು ನಾಲ್ಕನೆಯ ಜೋಡಿ. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದರೆ ಬಿಳಿ ಪೊರೆ ಬಿಡುತ್ತದೆ. ಹಾಗಾಗಿ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತಂದು ಒಂದು ದಿನ ನೆನೆಹಾಕಿ ಉಪ್ಪು ಬಿಡಿಸಿದೆ. ಮುಳ್ಳುಗಳನ್ನು ಒಂದೊಂದಾಗಿ ತಿರುಚಿ ತೆಗೆದು, ಗೂಡುಗಳೊಳಗಿನ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದೆ. ತಲೆ ಸವೆದು ಮೂರು ಮಿಲಿಮೀಟರಿಗಿಂತ ಕಡಿಮೆಯಾದ ಮುಳ್ಳುಗಳನ್ನು ಬದಲಿಸಿದೆ. ಪಟ್ಟಿ ಬಾಗುವ ಕಡೆ ಎಳೆದು, ದೀಪದ ಕೆಳಗೆ ಕೂದಲೆಳೆಯಂಥ ಬಿರುಕು ಇದೆಯೇ ಎಂದು ನೋಡಿದೆ. ಕಣಕಾಲಿನ ಪಟ್ಟಿಗಳ ಹೊಲಿಗೆ ಬಿಚ್ಚಿ, ಚೌಕದೊಳಗೆ ಗುಣಾಕಾರದ ಗುರುತು ಬರುವಂತೆ ಮತ್ತೆ ಹೊಲಿದೆ. ಕೊನೆಗೆ ಪ್ರತಿ ಜೋಡಿಯನ್ನೂ ಕೊಕ್ಕೆಗೆ ಹಾಕಿ, ಖಾಲಿ ಗ್ಯಾಸ್ ಸಿಲಿಂಡರನ್ನು ಹತ್ತು ನಿಮಿಷ ನೇತುಹಾಕಿ, ಮೊದಲಿನ ಮತ್ತು ಆಮೇಲಿನ ಉದ್ದ ಬರೆದುಕೊಂಡೆ. ಹದಿನಾಲ್ಕೂ ಪಾಸಾದವು.

ಮೊದಲ ಪ್ರವಾಸದಿಂದ ಅವು ಮರಳಿ ಬಂದಾಗ ನನ್ನ ಮೊದಲ ತಪ್ಪು ಗೊತ್ತಾಯಿತು. ಹಾರ್ಡ್‌ವೇರ್ ಅಂಗಡಿಯಿಂದ ತಂದ ಮುಳ್ಳುಗಳು ಬರಿಯ ಬಣ್ಣದ ಹೊಳಪಿನವು. ಎರಡೇ ದಿನದ ಉಪ್ಪುನೀರಿಗೆ ಮುಕ್ಕಾಲು ಪಾಲು ತುಕ್ಕು ಹಿಡಿದು ಗೂಡಿನೊಳಗೆ ಕಚ್ಚಿಕೊಂಡಿದ್ದವು. ಮೇಷ್ಟ್ರು ಬೈಯಲಿಲ್ಲ. ತಂಡದ ಉಳಿದವರು ಬೈದರು.

"ಸರ್ವಿಸ್ ಮಾಡ್ಸಿದ್ಮೇಲೆ ಮೊದ್ಲಿಗಿಂತ ಹಳೇದಾಗಿದೆಯಲ್ಲ ಗುರು," ಎಂದು ಒಬ್ಬಾತ ಮಾಲೀಕರೆದುರೇ ಹೇಳಿದ. ಮಾಲೀಕರ ಮುಖ ಸಣ್ಣದಾಯಿತು. ಅವರು ಅದೇ ಊರಿನ ಹಳೆಯ ಮನೆತನದವರು. ಅವರ ಅಂಗಳದಲ್ಲಿ ನಿಂತು ಹಾಗೆ ಯಾರೂ ಮಾತಾಡಿರಲಿಲ್ಲ.

ನಾನು ಸ್ಟೇನ್‌ಲೆಸ್ ಸ್ಟೀಲಿನ ಮುಳ್ಳು ತರಿಸಿದೆ. ಕಚ್ಚಿಕೊಂಡವನ್ನು ಬಿಡಿಸಲು ಐದು ದಿನ ಹಿಡಿಯಿತು. ಆ ಐದು ದಿನಗಳಲ್ಲಿ ಮುಂದುಗಡೆ ಏನು ನಡೆಯುತ್ತಿತ್ತು ಎಂದು ನಾನು ನೋಡಲಿಲ್ಲ. ಮುಗಿದ ಜೋಡಿಗಳನ್ನು ಮುಂದಿನ ಕಪಾಟಿನಲ್ಲಿಟ್ಟು ಬರುವುದು, ಅಲ್ಲಿಂದ ಮಾಲೀಕರೇ ಗಿರಾಕಿಗೆ ಕೊಡುವುದು ನಮ್ಮ ಪದ್ಧತಿ.

ಎರಡನೆಯ ಪ್ರವಾಸದಿಂದ ಬಂದಾಗ ಮುಳ್ಳುಗಳಲ್ಲಿ ಒಂದು ಚುಕ್ಕೆ ತುಕ್ಕಿರಲಿಲ್ಲ. ಆದರೆ ಏಳು ಜೋಡಿಗಳ ಪಟ್ಟಿ ಉದ್ದವಾಗಿತ್ತು. ಕೆಲವು ಒಂದು ಸೆಂಟಿಮೀಟರ್, ಒಂದೆರಡು ಎರಡಕ್ಕೂ ಹೆಚ್ಚು. ಪಟ್ಟಿಯನ್ನು ತಟ್ಟೆಗೆ ಸಿಕ್ಕಿಸುವ ತೂತುಗಳ ಅಂಚು ಮೆತ್ತಗಾಗಿ ಬಾಯಿಬಿಟ್ಟಿತ್ತು. ಹನ್ನೊಂದನೆಯ ಜೋಡಿಯಾತ ಬಂಡೆಯ ಮೇಲೆ ಎರಡು ಸಲ ಬಗ್ಗಿ ಅದನ್ನು ಸರಿಪಡಿಸಿಕೊಂಡನಂತೆ. ಅಲೆ ಬರುವಾಗ ಬಗ್ಗಿ ಕೂರುವುದೆಂದರೆ ಏನು ಎಂದು ಮೇಷ್ಟ್ರು ವಿವರಿಸಲಿಲ್ಲ. ಅಗತ್ಯವೂ ಇರಲಿಲ್ಲ.

ನನ್ನ ಸಿಲಿಂಡರ್ ಪರೀಕ್ಷೆಯೇ ರಬ್ಬರನ್ನು ಜಗ್ಗಿಸಿದೆ ಎಂದುಕೊಂಡೆ. ಆ ಪರೀಕ್ಷೆ ನಿಲ್ಲಿಸಿದೆ. ಉದ್ದವಾದ ಪಟ್ಟಿಗಳಿಗೆ ಹೊಸ ತೂತು ಹೊಡೆದು ಬಿಗಿ ಮಾಡಿದೆ. ಒಂದು ವಾರ ಈ ತಪ್ಪು ದಾರಿಯಲ್ಲೇ ನಡೆದೆ.

ದಸರೆಯ ವಾರದ ಮಂಗಳವಾರ ಮಧ್ಯಾಹ್ನ ಕುಡಿಯುವ ನೀರಿಗೆಂದು ಮುಂದುಗಡೆ ಹೋದೆ. ಮಾಲೀಕರು ಸ್ಟೂಲಿನ ಮೇಲೆ ಕೂತು, ಬಟ್ಟೆಯನ್ನು ಡೀಸೆಲ್ ಡಬ್ಬಿಗೆ ಅದ್ದಿ, ಆರನೆಯ ಜೋಡಿಯ ಪಟ್ಟಿಗಳನ್ನು ಒರೆಸುತ್ತಿದ್ದರು. ಬೈಕ್ ತೊಳೆದಾದ ಮೇಲೆ ಟೈರು, ಮಡ್‌ಗಾರ್ಡುಗಳಿಗೆ ಹೀಗೆ ಡೀಸೆಲ್ ಕೈಯಾಡಿಸುವುದು ನಮ್ಮ ಅಂಗಳದಲ್ಲಿ ಪ್ರತಿದಿನದ ಕೆಲಸ. ಕಪ್ಪು ರಬ್ಬರು ಕನ್ನಡಿಯಂತೆ ಹೊಳೆಯುತ್ತದೆ. ನಾನೇ ಸಾವಿರ ಸಲ ನೋಡಿದ್ದೆ.

"ಅಣ್ಣಾ, ಇದಕ್ಕೂ ಡೀಸೆಲ್ ಹಚ್ತೀರೇನ್ರೀ?"

"ಹೋದ್ಸಲಾನೂ ಹಚ್ಚಿದ್ದೆ. ಒಂಬತ್ತು ಜೋಡಿ ಆಯ್ತು, ಆಮೇಲೆ ಟೈಮ್ ಸಿಗಲಿಲ್ಲ. ನೀನು ಒಳಗೆ ಎಷ್ಟೇ ಒದ್ದಾಡು, ಕಸ್ಟಮರ್ ಮೊದ್ಲು ನೋಡೋದು ಶೈನು ಕಣಮ್ಮ. ತುಕ್ಕು ಹಿಡಿಸಿ ಮರ್ಯಾದೆ ಕಳೆದ್ಯಲ್ಲ, ಅದನ್ನ ಯಾರು ತೊಳೀಬೇಕು?"

ಹದಿನಾಲ್ಕನ್ನೂ ಒಳಗೆ ತಂದು ಮೂಸಿ ನೋಡಿದೆ. ಸಮುದ್ರದಲ್ಲಿ ತೊಯ್ದರೂ ಒಂಬತ್ತರಲ್ಲಿ ಸಣ್ಣಗೆ ವಾಸನೆ ಇತ್ತು. ಪುಸ್ತಕದಲ್ಲಿ ಎರಡು ಸಾಲು ಎಳೆದೆ. ಡೀಸೆಲ್ ತಾಗಿದ್ದು ಒಂಬತ್ತು. ಅದರಲ್ಲಿ ಉದ್ದವಾದದ್ದು ಏಳು. ತಾಗದ್ದು ಐದು, ಅದರಲ್ಲಿ ಉದ್ದವಾದದ್ದು ಸೊನ್ನೆ. ಒಂಬತ್ತರಲ್ಲಿ ಉಳಿದ ಎರಡು ಏಕೆ ಹಾಳಾಗಿಲ್ಲ ಎಂಬಲ್ಲಿ ಪೆನ್ನು ನಿಂತಿತು. "ಕಡಿಮೆ ಒರೆಸಿರಬಹುದು" ಎಂದು ಬರೆದು ಮುಂದೆ ಹೋದೆ.

ಮಾಲೀಕರಿಗೆ ಹೇಳುವ ಮೊದಲು ಖಚಿತ ಮಾಡಿಕೊಳ್ಳೋಣ ಎಂದು ಮರುದಿನ ಬುಧವಾರ ಕಸದ ಡಬ್ಬಿಯಿಂದ ಒಂದು ಹಳೆಯ ಪಟ್ಟಿ ತೆಗೆದು ಎರಡು ತುಂಡು ಮಾಡಿ, ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಡೀಸೆಲ್‌ನಲ್ಲಿ ಹಾಕಿಟ್ಟೆ. ಗುರುವಾರ ರಜೆ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ತುಂಡುಗಳನ್ನು ನೋಡಿದ್ದು ಶುಕ್ರವಾರ ಬೆಳಿಗ್ಗೆ, ಆಯುಧಪೂಜೆಯ ದಿನ. ಡೀಸೆಲ್‌ನಲ್ಲಿದ್ದದ್ದು ಒಂದೂವರೆ ಪಟ್ಟು ಊದಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ನೆಂದ ಬನ್ನಿನಂತೆ ಹರಿದು ಬಂತು.

ಮುಂದಕ್ಕೆ ಓಡಿದೆ. ಅಲ್ಲಿ ಹಲಗೆಯ ಮೇಲೆ ಸ್ಪ್ಯಾನರುಗಳು, ಗಾಳಿ ಪಂಪು, ನನ್ನ ಹೊಲಿಗೆ ಯಂತ್ರ, ಚರ್ಮ ಕೊಯ್ಯುವ ಚಾಕು, ಚೆಂಡುಹೂ ಸುತ್ತಿದ ಸಿಲಿಂಡರು. ಮುಂದಿನ ಸಾಲಿನಲ್ಲಿ ಹದಿನಾಲ್ಕು ಜೋಡಿ ಮುಳ್ಳುಪಟ್ಟಿ. ಪ್ರತಿಯೊಂದಕ್ಕೂ ಅರಿಶಿನ ಕುಂಕುಮದ ಬೊಟ್ಟು. ಹಿಂದೆಂದೂ ಕಾಣದಷ್ಟು ಹೊಳಪು.

"ಅಣ್ಣಾ, ಇವನ್ನ ಏನು ಮಾಡಿದ್ರಿ?"

"ನೆನ್ನೆ ಬೆಳಿಗ್ಗೆನೇ ಡೀಸೆಲ್ ಟಬ್ಬಲ್ಲಿ ಮುಳುಗ್ಸಿಟ್ಟಿದ್ದೆ. ಹಬ್ಬದ ದಿನ ಅಂಗಡೀಲಿರೋದೆಲ್ಲ ಹೊಳೀಬೇಕು. ಹೆಂಗೆ?"

ಕೈಯಲ್ಲಿದ್ದ ತುಂಡು ತೋರಿಸಿದೆ. ಹರಿದು ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

"ಪೂಜೆ ಮುಂದೆ ನಿಂತ್ಕೊಂಡು ಹಾಳಾಯ್ತು, ಹರೀತು ಅಂತೀಯಲ್ಲಮ್ಮ. ಬಾಯಿಗೆ ಬೇರೆ ಮಾತು ಬರಲ್ವಾ? ಮೂವತ್ತು ವರ್ಷದಿಂದ ಟೈರಿಗೆ ಹಚ್ತಾ ಇದೀನಿ. ಯಾವ ಟೈರು ಕರಗಿದೆ?"

"ಟೈರು ದಪ್ಪ ಇರ್ತದ್ರೀ ಅಣ್ಣಾ, ಇದು ಬೆರಳಗಲ. ಮೇಲೆ ಒರೆಸೋದು ಬೇರೆ, ಇಡೀ ದಿನ ಮುಳುಗಿಸೋದು ಬೇರೆ."

"ರೀ ರೀ ಅಂದ್ರೆ ಡೀಸೆಲ್ ಆಸಿಡ್ ಆಗೋಗುತ್ತಾ? ಹೋಗು, ಪ್ರಸಾದ ತಗೊಂಡು ಮನೆಗೆ ಹೋಗು. ಇವತ್ತು ಯಾರೂ ಆಯುಧ ಮುಟ್ಟೋ ಹಂಗಿಲ್ಲ."

ತಂಡ ಮಧ್ಯಾಹ್ನ ಒಂದಕ್ಕೆ ಬಂದು ಜೋಡಿಗಳನ್ನು ತೆಗೆದುಕೊಂಡು ಹೊರಡುವುದಿತ್ತು. ಮೂರು ದಿನದ ರಜೆ, ವರ್ಷದ ದೊಡ್ಡ ಪ್ರವಾಸ. ಮೇಷ್ಟ್ರಿಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಮಿಕ್ಸಿ ಸದ್ದು, ನಗು.

"ಸರ್, ಪಟ್ಟಿಗೆ ಡೀಸೆಲ್ ಕುಡಿಸ್ಯಾರ. ಹಾಕ್ಕೋಬ್ಯಾಡ್ರಿ. ಹರೀತಾವ."

"ಒರೆಸ್ಕೋತೀವಿ ಬಿಡಮ್ಮ. ಸೋಪಲ್ಲಿ ತೊಳೆದ್ರೆ ಹೋಗುತ್ತೆ."

"ಹೋಗಂಗಿಲ್ರಿ ಸರ್, ಒಳಗ ಇಳಿದದ."

"ನೋಡಮ್ಮ, ಗಾಡಿ ಬುಕ್ಕಾಗಿದೆ, ರೂಮಿಗೆ ಅಡ್ವಾನ್ಸ್ ಹೋಗಿದೆ. ಅಲ್ಲಿ ಹೋಗಿ ಒಂದ್ಸಲ ಎಳೆದು ನೋಡ್ತೀವಿ, ಆಯ್ತಾ? ಹಬ್ಬ ಮಾಡು ಹೋಗು, ಟೆನ್ಷನ್ ಮಾಡ್ಕೋಬೇಡ."

ಎಳೆದು ನೋಡಿದರೆ ಗೊತ್ತಾಗುವುದಿಲ್ಲ ಎಂಬುದು ನನ್ನ ಅಳತೆಗಳಿಂದಲೇ ನನಗೆ ತಿಳಿದಿತ್ತು. ಒಂದೇ ದಿನ ನೆಂದ ರಬ್ಬರು ಕೈಗೆ ಬಿಗಿ ಎನಿಸಿದರೂ ತೂಕ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಬಿಡುತ್ತದೆ. ಅಷ್ಟರಲ್ಲಿ ಅವರು ತುದಿಯ ಬಂಡೆಯ ಮೇಲಿರುತ್ತಾರೆ.

ಹನ್ನೆರಡೂವರೆಗೆ ಮಾಲೀಕರು ಬೂದುಗುಂಬಳದ ತೂತಿಗೆ ಕುಂಕುಮ, ಚಿಲ್ಲರೆ ತುಂಬಿಕೊಂಡು, ಮನೆಯವರನ್ನೂ ಹುಡುಗರನ್ನೂ ಕರೆದುಕೊಂಡು ಗಾಡಿಗಳ ಮುಂದೆ ಒಡೆಯಲು ರಸ್ತೆಗೆ ಹೋದರು. ಹಲಗೆಯ ಮುಂದೆ ನಾನೊಬ್ಬಳೇ. ಒಂದೊಂದು ಜೋಡಿಗೂ ಸಿಲಿಂಡರ್ ನೇತುಹಾಕಿ ನೋಡಲು ಎರಡೂವರೆ ಗಂಟೆ ಬೇಕು. ನನ್ನ ಹತ್ತಿರ ಹತ್ತು ನಿಮಿಷ ಇತ್ತು.

ಬೊಟ್ಟಿಟ್ಟ ಚಾಕು ಎತ್ತಿಕೊಂಡೆ. ಒಂದನೆಯದರಿಂದ ಶುರುಮಾಡಿ ಹದಿನಾಲ್ಕರವರೆಗೆ, ಎಡ ಬಲ ಎರಡರಲ್ಲೂ, ಹಿಮ್ಮಡಿಯ ಪಟ್ಟಿಯನ್ನು ಕತ್ತರಿಸಿದೆ. ಗಂಟು ಹಾಕಿ ಕಟ್ಟಿಕೊಳ್ಳಲೂ ಆಗಬಾರದೆಂದು ಪ್ರತಿಯೊಂದರಿಂದ ಮೂರು ಬೆರಳಷ್ಟು ತುಂಡು ತೆಗೆದು, ಸಂಖ್ಯೆಯ ಚೀಟಿಯ ಜೊತೆ ಒಂದು ಕವರಿಗೆ ಹಾಕಿಕೊಂಡೆ. ಹೊರಗೆ ಕುಂಬಳಕಾಯಿ ಒಡೆದ ಸದ್ದು ಕೇಳಿದಾಗ ನಾನು ಹನ್ನೆರಡನೆಯದರಲ್ಲಿದ್ದೆ. ಒಳಬಂದವರು ಬಾಗಿಲಲ್ಲೇ ನಿಂತು ಕೊನೆಯ ಎರಡು ಜೋಡಿ ಕತ್ತರಿಸುವುದನ್ನು ನೋಡಿದರು. ನಾನು ನಿಲ್ಲಿಸಲಿಲ್ಲ.

ಮಾಲೀಕರು ಕೂಗಾಡಲಿಲ್ಲ. "ಚಾಕು ಅಲ್ಲಿಡು. ನಾಳೆಯಿಂದ ಬರಬೇಡ," ಎಂದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಮೇಷ್ಟ್ರ ತಂಡ ಬಂದಾಗ ನಾನು ಗೇಟಿನ ಹೊರಗೆ ನಿಂತಿದ್ದೆ. ಓಡಿಹೋದೆ ಅನ್ನಿಸಿಕೊಳ್ಳಬಾರದು ಎಂದು. ಅವರಿಗೆ ಇರುವುದನ್ನೇ ಹೇಳಿದೆ.

"ನಿಂಗೇನ್ ತಲೆ ಕೆಟ್ಟಿದ್ಯಾ?" ಎಂದ ಹನ್ನೊಂದನೆಯ ಜೋಡಿಯಾತ. "ಬೇಡ ಅಂದ್ರೆ ಬೇಡ ಅಂತ ಹೇಳ್ಬೇಕು. ನಮ್ ಐಟಂ ಕತ್ತರಿಸೋಕೆ ನೀನ್ಯಾರು?"

"ಮಚ್ಚಾ, ಬಿಡೋ. ಟ್ರಿಪ್ ಕ್ಯಾನ್ಸಲ್ಲಾ ಈಗ?" ಎಂದು ಇನ್ನೊಬ್ಬ ಕೇಳಿದ.

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವರು ನಾಲ್ಕನೆಯ ಜೋಡಿಯ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು. "ಗಾಡಿ ಬಂದಿದೆ. ಹೋಗೋಣ. ಶೂನಲ್ಲೇ ನಿಂತ್ಕೊಳ್ಳೋಣ, ತುದೀಗೆ ಬೇಡ," ಎಂದರು. ನನ್ನನ್ನು ದಾಟಿ ಹೋಗಿ ಗಾಡಿ ಹತ್ತಿದರು.

ಭಾನುವಾರ ಸಂಜೆ ಹನ್ನೊಂದನೆಯ ಜೋಡಿಯಾತ ಫೋನ್ ಮಾಡಿದ. ಶನಿವಾರ ಬೆಳಿಗ್ಗೆ ಮೇಷ್ಟ್ರು ಬಿದ್ದಿದ್ದರು. ತುದಿಯಲ್ಲಲ್ಲ, ನೀರಿನಿಂದ ಹತ್ತು ಹೆಜ್ಜೆ ಈಚೆ, ಬಂಡೆ ಹತ್ತುವಾಗ. ಎಡಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ರಾಡ್ ಹಾಕುತ್ತಿದ್ದರು. "ಮುಳ್ಳಿದ್ದಿದ್ರೆ ಅಲ್ಲಿ ಮಗು ಕೂಡ ಬೀಳ್ತಿರ್ಲಿಲ್ಲ. ಸಮಾಧಾನ ಆಯ್ತಾ ನಿಂಗೆ?" ಎಂದು ಕೇಳಿ ಕಾಲ್ ಕಟ್ ಮಾಡಿದ.

ಶ್ರೀಗಂಧದ ಕಾವಲಿನ ನನ್ನ ಬಾಡಿಗೆ ಕೋಣೆಯಲ್ಲಿ ಕವರು ಇನ್ನೂ ಹಾಗೇ ಇತ್ತು. ನಾನು ಮಾಡಿದ್ದು ಸರಿ ಎಂದು ತೋರಿಸಲು ಒಂದು ಕಾಗದ ಬೇಕಾಗಿತ್ತು ನನಗೆ. ಹದಿನಾಲ್ಕು ಖಾಲಿ ಬಾಟಲಿ ಹೊಂದಿಸಿ, ಪ್ರತಿ ಜೋಡಿಯಿಂದ ಒಂದೊಂದು ತುಂಡನ್ನು ಅಳೆದು, ಡೀಸೆಲ್ ಹಾಕಿ ಒಂದು ದಿನ ಬಿಟ್ಟು ಮತ್ತೆ ಅಳೆದೆ. ಹನ್ನೆರಡು ತುಂಡು ಊದಿಕೊಂಡು ಬೆರಳಿಗೆ ಹರಿದವು. ಎರಡು ಹಾಗೇ ಇದ್ದವು. ಅಳತೆ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ, ಎಷ್ಟು ಎಳೆದರೂ ಹರಿಯಲಿಲ್ಲ. ಅವೆರಡು ಬೇರೆ ಬಗೆಯ ರಬ್ಬರು, ಎಣ್ಣೆ ತಡೆಯುವಂಥದು. ಎಣ್ಣೆಯಲ್ಲಿ ಕೆಲಸ ಮಾಡುವವರ ಬೂಟಿಗೆ ಹಾಕುವುದೂ ಅಂಥದ್ದೇ ಎಂದು ಆಮೇಲೆ ಶೂ ಸೋಲ್ ಮಾರುವವರೊಬ್ಬರು ಹೇಳಿದರು.

ಚೀಟಿ ನೋಡಿದೆ. ಒಂದರ ಮೇಲೆ ಒಂಬತ್ತು, ಇನ್ನೊಂದರ ಮೇಲೆ ನಾಲ್ಕು.

ಒಂಬತ್ತರಲ್ಲಿ ಏಳೇ ಏಕೆ ಎಂದು ಆ ಮಂಗಳವಾರ ಒಂದು ಗಂಟೆ ಕೂತು ಯೋಚಿಸಿದ್ದರೆ ಇದು ಸಿಗುತ್ತಿತ್ತು. ಎಲ್ಲವನ್ನೂ ಅಳೆದು ಬರೆಯುವವಳು ನಾನು. ಅಳೆಯದೆ ಮಾಡಿದ ಕೆಲಸ ಆ ಕತ್ತರಿಸಿದ್ದೊಂದೇ.

ಐದು ವಾರ ಯಾರಿಗೂ ಹೇಳಲಿಲ್ಲ. ನವೆಂಬರ್ ಮೂರನೆಯ ವಾರ ಮೇಷ್ಟ್ರೇ ಫೋನ್ ಮಾಡಿದರು. "ಒಂದ್ಸಲ ಮನೆಗೆ ಬಂದು ಹೋಗಮ್ಮ, ನಂಗೆ ಇಳಿಯೋಕಾಗಲ್ಲ," ಎಂದರು. ಶನಿವಾರ ಹೋದೆ. ಅವರು ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ತೊಡೆ ಅರ್ಧ ಕರಗಿತ್ತು. ಅವರ ಹೆಂಡತಿ ಕಾಫಿ ತಂದಿಟ್ಟರು.

"ಕೂತ್ಕೋ. ನೋಡು, ನಿಂಗೆ ಎಲ್ಲಾರೂ ಬೈದ್ರು. ನಾನೂ ಮೊದ್ಲು ಬೈಕೊಂಡೆ, ಸುಳ್ಳು ಯಾಕೆ? ಆಸ್ಪತ್ರೇಲಿ ಮಲಗಿದ್ದಾಗ ಯೋಚನೆ ಮಾಡ್ದೆ. ನೀನು ಕತ್ತರಿಸದೆ ಇದ್ದಿದ್ರೆ ನಾನು ತುದಿ ಬಂಡೆಗೆ ಹೋಗ್ತಿದ್ದೆ. ಹೋಗೇ ಹೋಗ್ತಿದ್ದೆ, ನನ್ನ ಚಾಳಿ ನಂಗೊತ್ತು. ಅಲ್ಲಿ ಪಟ್ಟಿ ಕಿತ್ತಿದ್ರೆ ಕಾಲಲ್ಲ, ಹೆಣಾನೂ ಸಿಗ್ತಿರ್ಲಿಲ್ಲ."

ಅವರ ಹೆಂಡತಿ ತಲೆಯಾಡಿಸಿದರು. "ಬಂದೋರಿಗೆಲ್ಲ ಇದನ್ನೇ ಹೇಳ್ತಾರೆ ಇವ್ರು. ಕಾಲು ಕೊಟ್ಟು ಜೀವ ಉಳಿಸ್ಕೊಂಡೆ ಅಂತ."

"ನಿಮ್ಮ ಮಾಲೀಕನಿಗೂ ಫೋನ್ ಮಾಡಿದ್ದೆ," ಎಂದರು ಮೇಷ್ಟ್ರು. "ಅರ್ಧ ಗಂಟೆ ಮಾತಾಡಿದೀನಿ. ಸೋಮವಾರದಿಂದ ಬರ್ಲಿ ಅಂದ. ಸ್ವಲ್ಪ ಸಿಡಿಸಿಡಿ ಅಂತಾನೆ, ನೀನು ಸುಮ್ನಿದ್ಬಿಡು. ಏನಂತೀಯ?"

ಕಾಫಿ ಮುಟ್ಟಲಿಲ್ಲ. ಸುಮ್ಮನೆ ಹೂಂ ಎನ್ನಬಹುದಿತ್ತು. ಅವರಿಗೂ ಸಮಾಧಾನ, ನನಗೂ ಕೆಲಸ. ಆದರೆ ಆ ಕಾಲು ನನ್ನೆದುರೇ ಇತ್ತು, ನಾನು ಅವರ ಕೈಯಿಂದ ಕೆಲಸ ತೆಗೆದುಕೊಳ್ಳುತ್ತಿದ್ದೆ.

"ಸರ್, ನಿಮ್ಮ ಪಟ್ಟಿ ಹರೀತಿರಲಿಲ್ಲ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾಲ್ಕನೆಯ ಸಂಖ್ಯೆಯ ತುಂಡನ್ನು ಬ್ಯಾಗಿನಿಂದ ತೆಗೆದು ಅವರ ಕೈಗೆ ಕೊಟ್ಟೆ. ಬಾಟಲಿಗಳ ವಿಷಯ, ಹನ್ನೆರಡರ ವಿಷಯ, ಎರಡರ ವಿಷಯ ಹೇಳಿದೆ. ಆ ಮಂಗಳವಾರ ನಾನು ಬರೆದ ಸಾಲನ್ನೂ ಹೇಳಿದೆ. ಅವರು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಶಾಲೆಯ ಹುಡುಗರಿಗೆ ಹಗ್ಗ ಜಗ್ಗಾಟ ಆಡಿಸಿದ ಕೈಗಳು. ಅದು ಹಿಗ್ಗಿ ಮತ್ತೆ ತನ್ನ ಅಳತೆಗೆ ಬಂತು. ಮತ್ತೊಮ್ಮೆ ಎಳೆದರು.

"ಹಂಗಾದ್ರೆ ಉಳಿದೋರು?"

"ಹನ್ನೆರಡು ಜನರದ್ದು ಹರೀತಿತ್ತು ಸರ್. ನಿಮ್ಮದಲ್ಲ."

ಒಳಗೆ ಕುಕ್ಕರ್ ಕೂಗಿತು. ಅವರ ಹೆಂಡತಿ ಎದ್ದು ಹೋಗಲಿಲ್ಲ.

"ಇದನ್ನ ಯಾಕಮ್ಮ ಹೇಳ್ದೆ ನಂಗೆ?" ಎಂದರು ಮೇಷ್ಟ್ರು. ಸಿಟ್ಟಿರಲಿಲ್ಲ, ಅದೇ ಕಷ್ಟ. "ಐದು ವಾರದಿಂದ ಈ ಕಾಲಿಗೊಂದು ಲೆಕ್ಕ ಇತ್ತು ನಂಗೆ. ಬೆಳಿಗ್ಗೆ ಎದ್ದು ಗೋಡೆ ಹಿಡ್ಕೊಂಡು ಬಾತ್‌ರೂಮಿಗೆ ಹೋಗ್ವಾಗ ಅದನ್ನೇ ಹೇಳ್ಕೊಂಡು ಹೋಗ್ತಿದ್ದೆ. ನಾಳೆ ಏನ್ ಹೇಳ್ಕೊಂಡು ಹೋಗ್ಲಿ?"

ಅವರು ತುಂಡನ್ನು ಹಿಂತಿರುಗಿಸಲಿಲ್ಲ. ಎದ್ದು ನಿಂತೆ, ಬರ್ತೀನಿ ಅಂದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಹೆಂಡತಿ ತುಂಬಿದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಸೋಮವಾರ ನಾನು ಸುಂಕದಕಟ್ಟೆಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲೂ ಇಲ್ಲ.